ಮೇಣದೊಳಗಿನ ಶಾಸನ

ಮಡಕಶಿರಾ, ರಾಯದುರ್ಗದ ಕಡೆಯಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಬಟ್ಟೆ ಚೀಲ ಇರುತ್ತದೆ. ಸ್ಕ್ಯಾನಿನ ದೊಡ್ಡ ಕವರು, ಇಂಗ್ಲಿಷಿನ ರಿಪೋರ್ಟುಗಳು, ತೆಲುಗು ಮೊಹರಿನ ಚೀಟಿಗಳು, ಆಧಾರ್ ಕಾರ್ಡಿನ ಜೆರಾಕ್ಸು, ಎಲ್ಲವೂ ಅದರಲ್ಲೇ. ಒಮ್ಮೊಮ್ಮೆ ಎಲ್ಲದರ ತಳದಲ್ಲಿ, ಕಾಗದದಲ್ಲಿ ಸುತ್ತಿದ ಇನ್ನೊಂದು ವಸ್ತುವೂ ಇರುತ್ತದೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಪ್ಲಾಸ್ಟಿಕ್ ಚೌಕಟ್ಟು, ಅದರ ಮೇಲೆ ಬಿಳಿ ಮೇಣ, ಮೇಣದ ನಡುವೆ ಕಂದು ಬಣ್ಣದ ಒಂದು ಚೂರು. ಆಸ್ಪತ್ರೆಯವರು ಅದನ್ನು ‘ಬ್ಲಾಕ್’ ಅನ್ನುತ್ತಾರೆ. ತಂದವರ ದೇಹದಿಂದಲೇ ತೆಗೆದ ಗಡ್ಡೆಯ ಚೂರು ಅದು. ಈ ಲೇಖನ ಆ ಚೂರನ್ನು ಓದುವವರ ಕುರಿತು.

ಓದುವುದು ಎಂದು ಬೇಕೆಂದೇ ಬರೆದೆ. ಮಡಕಶಿರಾ ಸೀಮೆಯಲ್ಲಿ, ಅಮರಾಪುರಂ ಮಂಡಲದಲ್ಲಿ ಹೇಮಾವತಿ ಎಂಬ ಊರಿದೆ. ಹಿಂದೆ ಅದು ಹೆಂಜೇರು, ನೊಳಂಬರ ರಾಜಧಾನಿ. ನೊಳಂಬ ಪಲ್ಲವರ ವಂಶಾವಳಿ ನಮಗೆ ತಿಳಿದಿರುವುದು ಬಹುಪಾಲು ಅಲ್ಲಿ ಸಿಕ್ಕ ಕಂಬದ ಶಾಸನದಿಂದ. ಅಂಥ ಕಲ್ಲನ್ನು ಓದುವವರ ಕೆಲಸವನ್ನು ನೋಡಿದವರಿಗೆ ಗೊತ್ತು: ಮೊದಲು ನೀರು ಹಾಕಿ ಕುಂಚದಿಂದ ಉಜ್ಜಿ ಕಲ್ಲನ್ನು ತೊಳೆಯುತ್ತಾರೆ. ಒದ್ದೆ ಕಾಗದ ಹಾಸಿ, ಅದು ಅಕ್ಷರದ ಗುಳಿಗಳಿಗೆ ಇಳಿಯುವವರೆಗೆ ಗಟ್ಟಿ ಕುಂಚದಿಂದ ತಟ್ಟುತ್ತಾರೆ. ಮೇಲೆ ಮಸಿ ಒತ್ತಿದರೆ ಕಪ್ಪು ನೆಲದಲ್ಲಿ ಬೆಳ್ಳಗೆ ಅಕ್ಷರ ಏಳುತ್ತದೆ. ಅದೇ ಪಡಿಯಚ್ಚು. ಅದಾದ ಮೇಲೆ ನಿಜವಾದ ಕಷ್ಟ ಶುರುವಾಗುತ್ತದೆ. ಈ ಗೆರೆ ಉಳಿಯದೋ, ಬಿರುಕೋ? ಈ ಕೊಂಬು ಕೆತ್ತಿದ್ದೋ, ಮಳೆ ಸವೆಸಿದ್ದೋ? ಮೇಣದ ಚೂರನ್ನು ಓದುವವರದೂ ಇದೇ ಮನೆತನದ ಕೆಲಸ ಎಂದು ನನಗೆ ಅನಿಸಿದ್ದು ಮೂತ್ರಕೋಶದ ಕ್ಯಾನ್ಸರಿನ ವಿಷಯ ಓದತೊಡಗಿದ ಮೇಲೆ.

ಈ ಕ್ಯಾನ್ಸರು ನೋವು ಕೊಟ್ಟು ಬರುವುದಿಲ್ಲ. ಒಂದು ದಿನ ಒಂದಕ್ಕೆ ಹೋದಾಗ ಕೆಂಪಗೆ ಹೋಗುತ್ತದೆ, ಮಾರನೆಯ ದಿನ ತಿಳಿಯಾಗುತ್ತದೆ. ಅನಂತಪುರದ ಬಿಸಿಲು ಕಂಡವರಿಗೆ ಅದು ಉಷ್ಣವೆಂದೇ ತೋರುತ್ತದೆ. ‘ಉಷ್ಣ ಆಗೈತೆ ಬಿಡು ತಾತ, ಎಳನೀರು ಕುಡಿ’ ಎಂದು ಮನೆಯವರೂ ಹೇಳುತ್ತಾರೆ. ಎಳನೀರು ಕುಡಿದ ಮೇಲೆ ರಕ್ತ ನಿಂತದ್ದೂ ನಿಜ. ಆದರೆ ನಿಲ್ಲಿಸಿದ್ದು ಎಳನೀರಲ್ಲ, ಈ ಗಡ್ಡೆಯ ರಕ್ತ ಬಿಟ್ಟು ಬಿಟ್ಟೇ ಬರುವುದು. ನೋವಿಲ್ಲದೆ ಒಂದೇ ಒಂದು ಸಲ ರಕ್ತ ಹೋದರೂ ವೈದ್ಯರ ಹತ್ತಿರ ಹೋಗಬೇಕು. ಮುಖ್ಯ ಕಾರಣ ತಂಬಾಕು. ಬೀಡಿ ಹೊಗೆಯ ವಿಷ ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ಮೂತ್ರಪಿಂಡಕ್ಕೆ ಹೋಗಿ ಕೊನೆಗೆ ಮೂತ್ರಕೋಶದಲ್ಲಿ ಗಂಟೆಗಟ್ಟಲೆ ತಂಗುತ್ತದೆ. ಬಣ್ಣದ ಕಾರ್ಖಾನೆಯ ಕೆಲಸಗಾರರಿಗೆ ಈ ರೋಗ ಬರುವುದನ್ನು 1895ರಲ್ಲೇ ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೆಹ್ನ್ ಗುರುತಿಸಿದ್ದರು.

ಚೂರು ತೆಗೆಯುವುದು ಮೂತ್ರರೋಗದ ಶಸ್ತ್ರವೈದ್ಯರ ಕೆಲಸ. ಹೊಟ್ಟೆ ಕುಯ್ಯುವುದಿಲ್ಲ. ಮೂತ್ರನಾಳದ ಮೂಲಕ ದುರ್ಬೀನು ಇಳಿಸಿ, ತುದಿಯಲ್ಲಿರುವ ತಂತಿಯ ಕುಣಿಕೆಗೆ ಕರೆಂಟು ಕೊಟ್ಟು ಗಡ್ಡೆಯನ್ನು ಪಟ್ಟಿ ಪಟ್ಟಿಯಾಗಿ ಹೆರೆಯುತ್ತಾರೆ. ತೆಂಗಿನಕಾಯಿ ತುರಿಯುವವರು ಕರಟ ಬರುವ ಮೊದಲೇ ಕೈ ನಿಲ್ಲಿಸುತ್ತಾರೆ. ಇಲ್ಲಿ ಹಾಗಲ್ಲ, ಸ್ವಲ್ಪ ಕರಟವೂ ಬರಬೇಕು, ಆದರೆ ತೂತಾಗಬಾರದು. ಕರಟ ಎಂದರೆ ಮೂತ್ರಕೋಶದ ಗೋಡೆಯ ಸ್ನಾಯು. ಗಡ್ಡೆ ಆ ಸ್ನಾಯುವಿಗೆ ಇಳಿದಿದೆಯೋ ಇಲ್ಲವೋ ಎಂಬುದರ ಮೇಲೆ ಮುಂದಿನ ದಾರಿಯೇ ಬೇರೆಯಾಗುತ್ತದೆ. ಸ್ನಾಯು ಸಿಗದ ಚೂರು ಅರ್ಧ ಒಡೆದ ಶಾಸನದ ಹಾಗೆ. ಎಷ್ಟೇ ಜಾಣ ಓದುಗನಿದ್ದರೂ ಇಲ್ಲದ ಸಾಲನ್ನು ಓದಲಾರ.

ಸ್ನಾಯುವಿಗೆ ಇಳಿಯದ, ಆದರೆ ಮರಳಿ ಬರುವ ಸ್ವಭಾವದ ಗಡ್ಡೆಗೆ ಕೊಡುವ ಔಷಧಿಯ ಕಥೆ ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ಅದರ ಒಂದು ಕೊನೆ ರಾಯಲಸೀಮೆಯಲ್ಲೇ ಇದೆ. ಆ ಔಷಧಿ ಬಿಸಿಜಿ. ನಮ್ಮ ಮಕ್ಕಳ ಎಡತೋಳಿನ ಮೇಲೆ ಕಲೆ ಉಳಿಸುವ ಅದೇ ಕ್ಷಯದ ಲಸಿಕೆ. ಭಾರತದಲ್ಲಿ 1948ರಲ್ಲಿ ಬಿಸಿಜಿ ಹಾಕುವುದನ್ನು ಆರಂಭಿಸಿದ ಜಾಗಗಳಲ್ಲಿ ಮದನಪಲ್ಲಿ ಒಂದು. ಅಲ್ಲಿ ಆರೋಗ್ಯವರಂ ಎಂಬ ಹೆಸರಾಂತ ಕ್ಷಯದ ಆಸ್ಪತ್ರೆ ಇತ್ತು. ಇದಾಗಿ 28 ವರ್ಷದ ಮೇಲೆ, 1976ರಲ್ಲಿ, ಕೆನಡಾದ ವೈದ್ಯ ಅಲ್ವಾರೊ ಮೊರಾಲೆಸ್ ಅದೇ ಲಸಿಕೆಯನ್ನು ಮೂತ್ರಕೋಶದೊಳಗೆ ಬಿಟ್ಟ ಒಂಬತ್ತು ರೋಗಿಗಳ ವರದಿ ಪ್ರಕಟಿಸಿದರು. ವಾರಕ್ಕೊಮ್ಮೆ, ಆರು ವಾರ. ಆರೇ ಏಕೆ? ಅವರಿಗೆ ಸಿಗುತ್ತಿದ್ದ ಲಸಿಕೆಯ ಪೊಟ್ಟಣದಲ್ಲಿ ಆರು ಸೀಸೆ ಇರುತ್ತಿದ್ದವು. ಇಂದಿಗೂ ಮೊದಲ ಸುತ್ತು ಆರು ವಾರವೇ. ಔಷಧಿ ಒಳಗೆ ಬಿಟ್ಟ ಮೇಲೆ ಎರಡು ಗಂಟೆ ಮೂತ್ರ ಮಾಡದೆ ತಡೆದುಕೊಳ್ಳಬೇಕು. ಬಲ ಕುಂದಿಸಿದ ರೋಗಾಣುಗಳನ್ನು ಕಂಡು ದೇಹದ ಕಾವಲು ಪಡೆ ಅಲ್ಲಿಗೆ ಧಾವಿಸುತ್ತದೆ, ಬಂದದ್ದು ಗಡ್ಡೆಯನ್ನೂ ಕೆಡವುತ್ತದೆ. ಇಮ್ಯುನೊಥೆರಪಿ ಎಂಬ ಮಾತು ಪತ್ರಿಕೆಗಳಲ್ಲಿ ಓಡಾಡುವುದಕ್ಕೆ ಎಷ್ಟೋ ಮೊದಲೇ ಮೂತ್ರಕೋಶದಲ್ಲಿ ಅದು ಕೆಲಸಕ್ಕೆ ನಿಂತಾಗಿತ್ತು.

ಈಗ ಚೂರಿನ ಜೊತೆ ಹೋಗೋಣ. ಹೆರೆದ ಕೂಡಲೇ ಅದನ್ನು ಫಾರ್ಮಲಿನ್‌ಗೆ ಹಾಕಬೇಕು. ಚೂರು ಎಷ್ಟಿದೆಯೋ ಅದರ ಹತ್ತು ಪಟ್ಟಾದರೂ ದ್ರವ ಇರಬೇಕು, ಇಲ್ಲವಾದರೆ ನಡುಭಾಗ ಕೊಳೆಯುತ್ತದೆ. ಕಡಿಮೆ ಹೊತ್ತು ಇಟ್ಟರೆ ಹದ ಬರುವುದಿಲ್ಲ, ದಿನಗಟ್ಟಲೆ ಬಿಟ್ಟರೆ ಒಳಗಿನ ಡಿಎನ್‌ಎ ಹಾಳಾಗುತ್ತದೆ. ಆಮೇಲೆ ನೀರಿನ ಅಂಶವನ್ನೆಲ್ಲ ತೆಗೆದು ಕರಗಿದ ಮೇಣ ತುಂಬಿಸಿದರೆ ಬ್ಲಾಕ್ ಸಿದ್ಧ. ಅದನ್ನು ಮೈಕ್ರೊಟೋಮ್ ಎಂಬ ಯಂತ್ರಕ್ಕೆ ಸಿಕ್ಕಿಸಿ ಸೀಳುತ್ತಾರೆ. ಒಂದು ಸೀಳು ನಾಲ್ಕೈದು ಮೈಕ್ರಾನು, ತಲೆಗೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲು. ಸೀಳುಗಳು ಒಂದಕ್ಕೊಂದು ಅಂಟಿಕೊಂಡು ರಿಬ್ಬನ್ನಿನಂತೆ ಬರುತ್ತವೆ. ತಂತ್ರಜ್ಞರು ಆ ರಿಬ್ಬನ್ನನ್ನು ಉಗುರುಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು, ಸುಕ್ಕು ಬಿಚ್ಚಿದ ಮೇಲೆ ಕೆಳಗಿನಿಂದ ಗಾಜನ್ನು ತಂದು ಎತ್ತಿಕೊಳ್ಳುತ್ತಾರೆ. ಜೋರಾಗಿ ಉಸಿರು ಬಿಟ್ಟರೆ ಮಡಚಿಕೊಳ್ಳುವ ತೆಳುವು ಅದು. ಇದೆಲ್ಲ ಕೈಗೆ ಕೂರಲು ವರ್ಷಗಳು ಬೇಕು. ಜೀನ್ ಪರೀಕ್ಷೆ ಎಂದಾಗ ಎಲ್ಲರೂ ದೊಡ್ಡ ಯಂತ್ರವನ್ನು ಹೊಗಳುತ್ತಾರೆ. ನನ್ನ ಮೊದಲ ನಮಸ್ಕಾರ ಈ ನೀರಿನ ತಟ್ಟೆಯ ಮುಂದೆ ಕೂತವರಿಗೆ.

ಬಣ್ಣ ಹಾಕಿದ ಸ್ಲೈಡನ್ನು ರೋಗಶಾಸ್ತ್ರದ ವೈದ್ಯರು ನೋಡಿ, ಗಡ್ಡೆಯ ಜೀವಕೋಶ ದಟ್ಟವಾಗಿರುವ ಜಾಗಕ್ಕೆ ಪೆನ್ನಿನಿಂದ ಸುತ್ತು ಹಾಕುತ್ತಾರೆ. ಅಷ್ಟೇ ಭಾಗವನ್ನು ಕೆರೆದು, ಮೇಣ ಕರಗಿಸಿ, ಡಿಎನ್‌ಎ ಬೇರ್ಪಡಿಸುತ್ತಾರೆ. ಮನುಷ್ಯನ ಡಿಎನ್‌ಎ ಎಂದರೆ ಸುಮಾರು 300 ಕೋಟಿ ಅಕ್ಷರಗಳ ಬರಹ. ಅಕ್ಷರಗಳು ನಾಲ್ಕೇ, ಎ, ಸಿ, ಜಿ, ಟಿ. ಮೇಣದಿಂದ ಬಂದದ್ದು ಇಡಿಯಾಗಿ ಇರುವುದಿಲ್ಲ, ನೂರು ಇನ್ನೂರು ಅಕ್ಷರದ ತುಣುಕುಗಳಾಗಿ ಮುರಿದಿರುತ್ತದೆ. ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವವರು ಕತ್ತರಿಸಿದ ಬಟ್ಟೆಯ ರಾಶಿಯಲ್ಲಿ ಯಾವುದು ಜೇಬು, ಯಾವುದು ಸೊಂಟದ ಪಟ್ಟಿ ಎಂದು ನೋಡಿದ ಕೂಡಲೇ ಎತ್ತಿಕೊಳ್ಳುತ್ತಾರಲ್ಲ, ಹಾಗೆ ಕಂಪ್ಯೂಟರು ಪ್ರತಿ ತುಣುಕನ್ನೂ ಅದರ ಜಾಗಕ್ಕೆ ಕೂರಿಸುತ್ತದೆ. ಒಂದೇ ಜಾಗವನ್ನು ನೂರಾರು ಸಲ ಓದುತ್ತಾರೆ. ಜೊತೆಗೆ ಅದೇ ರೋಗಿಯ ರಕ್ತದ ಡಿಎನ್‌ಎಯನ್ನೂ ಓದಿಕೊಂಡರೆ, ತಂದೆತಾಯಿಯಿಂದ ಬಂದ ವ್ಯತ್ಯಾಸಗಳನ್ನು ಕಳೆದು ಗಡ್ಡೆಯೇ ಹೊಸದಾಗಿ ಮಾಡಿಕೊಂಡ ತಪ್ಪುಗಳನ್ನು ಮಾತ್ರ ಉಳಿಸಿಕೊಳ್ಳಬಹುದು.

ಬಿರುಕೋ ಉಳಿಯೋ ಎಂಬ ಪ್ರಶ್ನೆ ಇಲ್ಲಿ ಮತ್ತೆ ಬರುತ್ತದೆ. ಫಾರ್ಮಲಿನ್ ತಾಗಿದ ಡಿಎನ್‌ಎಯಲ್ಲಿ ‘ಸಿ’ ಅಕ್ಷರ ಕೆಲವು ಕಡೆ ಕೆಟ್ಟು ‘ಟಿ’ಯಂತೆ ಓದಿಸಿಕೊಳ್ಳುತ್ತದೆ. ಅದು ರೋಗಿಯ ದೇಹದಲ್ಲಿ ಆದ ಬದಲಾವಣೆಯಲ್ಲ, ಡಬ್ಬಿಯಲ್ಲಿ ಆದದ್ದು. ಅನುಭವಿಗಳು ಅದನ್ನು ಹೇಗೆ ಹಿಡಿಯುತ್ತಾರೆ? ಇಂಥ ಕೇಡು ಬಹುಮಟ್ಟಿಗೆ ಕೆಲವೇ ಪ್ರತಿಗಳಲ್ಲಿ, ಡಿಎನ್‌ಎಯ ಎರಡು ಎಳೆಗಳಲ್ಲಿ ಒಂದರ ಕಡೆಯಿಂದ ಓದಿದಾಗ ಮಾತ್ರ ಕಾಣುತ್ತದೆ. ನಿಜವಾದ ಬದಲಾವಣೆ ಎರಡೂ ಕಡೆಯಿಂದ ಓದಿದಾಗಲೂ, ಬೇಕಾದಷ್ಟು ಪ್ರತಿಗಳಲ್ಲೂ ಸಿಗುತ್ತದೆ. ಶಾಸನ ಓದುವವರು ಬೆಳಗಿನ ಬಿಸಿಲಲ್ಲೊಮ್ಮೆ ಸಂಜೆಯ ಓರೆಬಿಸಿಲಲ್ಲೊಮ್ಮೆ ಕಲ್ಲಿನ ಮುಂದೆ ಹೋಗಿ ಕೂರುವುದು ಇದಕ್ಕೇ.

ಒಂದು ಅಕ್ಷರದ ಬೆಲೆ ಎಷ್ಟು? ಮೂತ್ರಕೋಶದ ಗಡ್ಡೆಯಲ್ಲಿ ಪದೇ ಪದೇ ಸಿಗುವ ಜೀನ್ ಎಫ್‌ಜಿಎಫ್‌ಆರ್3. ಅದರ 249ನೆಯ ಪದ ‘ಟಿಸಿಸಿ’. ನಡುವಿನ ‘ಸಿ’ ಹೋಗಿ ‘ಜಿ’ ಬಂದು ‘ಟಿಜಿಸಿ’ ಆದರೆ, ಜೀವಕೋಶಕ್ಕೆ ‘ಬೆಳೆ’ ಎಂದು ಹೇಳುವ ಗುಂಡಿ ಒತ್ತಿದ್ದು ಒತ್ತಿದಂತೆಯೇ ಉಳಿದುಬಿಡುತ್ತದೆ. ಈ ಜೀನಿನ ದೋಷಕ್ಕೆ ತಕ್ಕ ಮಾತ್ರೆ ಎರ್ಡಾಫಿಟಿನಿಬ್‌ಗೆ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿತು. ಅದು ಇಮ್ಯುನೊಥೆರಪಿಯಲ್ಲ. ಆದರೆ ಇಂಥ ಗಡ್ಡೆಗಳ ಒಳಗೆ ಕಾವಲು ಕೋಶಗಳು ಸಾಮಾನ್ಯವಾಗಿ ಕಡಿಮೆ ಎಂಬುದು ಗೊತ್ತಿರುವುದರಿಂದ, ಯಾವ ಔಷಧಿ ಮೊದಲು ಯಾವುದು ಆಮೇಲೆ ಎಂದು ಯೋಚಿಸುವಾಗ ವೈದ್ಯರು ಈ ಅಕ್ಷರವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.

ಆ ‘ಸಿ’ಯ ಹಿಂದೆ ‘ಟಿ’ ಇರುವುದನ್ನು ಗಮನಿಸಿ. ಅಲ್ಲೊಂದು ಗುರುತಿದೆ. ನಮ್ಮ ಜೀವಕೋಶಗಳಲ್ಲಿ ಅಪೊಬೆಕ್ ಎಂಬ ಕಿಣ್ವಗಳ ಕುಟುಂಬ ಇದೆ. ವೈರಸ್ಸು ಒಳಗೆ ನುಗ್ಗಿದರೆ ಅದರ ಬರಹದಲ್ಲಿ ‘ಟಿ’ಯ ಮುಂದಿನ ‘ಸಿ’ಯನ್ನು ಕೆಡಿಸಿ ಅದನ್ನು ಕೆಲಸಕ್ಕೆ ಬಾರದಂತೆ ಮಾಡುವುದು ಇವುಗಳ ಕಸುಬು. ಮೂತ್ರಕೋಶದ ಗಡ್ಡೆಯಲ್ಲಿ ಇವು ಮನೆಯ ಪುಸ್ತಕದ ಮೇಲೇ ಕೈ ಮಾಡುತ್ತವೆ. 2017ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಯೋಜನೆಯವರು ಸ್ನಾಯುವಿಗೆ ಇಳಿದ 412 ಗಡ್ಡೆಗಳನ್ನು ಓದಿದಾಗ, ಒಂಟಿ ಅಕ್ಷರದ ತಪ್ಪುಗಳಲ್ಲಿ ಮೂರನೆಯ ಎರಡು ಪಾಲು ಅಪೊಬೆಕ್‌ನ ಕೈಬರಹದವೇ ಎಂದು ಕಂಡರು. ಯಾರು ಕೆತ್ತಿದ ಶಾಸನ ಎಂದು ಅಕ್ಷರದ ಓರಣ ನೋಡಿ ಹೇಳಿದ ಹಾಗೆ!

ಇಷ್ಟು ತಪ್ಪುಗಳು ಇರುವುದರಲ್ಲೇ ರೋಗಿಗೆ ಒಂದು ಆಸರೆಯೂ ಇದೆ. ತಪ್ಪಿದ ಬರಹದಿಂದ ವಿಕಾರವಾದ ಪ್ರೋಟೀನು ಹುಟ್ಟುತ್ತದೆ. ಅದರ ಚೂರುಗಳನ್ನು ಜೀವಕೋಶ ತನ್ನ ಹೊರಮೈಯಲ್ಲಿ ತೋರಿಸುತ್ತದೆ. ಕಾವಲಿಗಿರುವ ಟಿ-ಕೋಶಗಳು ಅವನ್ನು ನೋಡಿ ‘ಇವನು ನಮ್ಮವನಲ್ಲ’ ಎಂದು ಗುರುತಿಸಬಲ್ಲವು. ಆದರೆ ಟಿ-ಕೋಶಗಳಿಗೆ ಹುಟ್ಟಿನಿಂದಲೇ ಕಡಿವಾಣ ಇದೆ, ಇಲ್ಲದಿದ್ದರೆ ಅವು ನಮ್ಮ ಮೈಯನ್ನೇ ತಿನ್ನುತ್ತವೆ. ಅಂಥ ಒಂದು ಕಡಿವಾಣ ಪಿಡಿ-1. ಜಪಾನಿನ ತಸುಕು ಹೊಂಜೊ ಅವರ ತಂಡ 1992ರಲ್ಲಿ ಅದನ್ನು ಕಂಡುಹಿಡಿಯಿತು. ಗಡ್ಡೆ ಆ ಕಡಿವಾಣವನ್ನೇ ಹಿಡಿದು ಜಗ್ಗುತ್ತದೆ. ಹಿಡಿತ ಬಿಡಿಸುವ ಔಷಧಿಗಳೇ ಪೆಂಬ್ರೊಲಿಜುಮಾಬ್, ನಿವೊಲುಮಾಬ್, ಅಟೆಜೊಲಿಜುಮಾಬ್. ಹೊಂಜೊ ಮತ್ತು ಜೇಮ್ಸ್ ಆಲಿಸನ್ ಅವರಿಗೆ 2018ರಲ್ಲಿ ನೊಬೆಲ್ ಬಂತು. ಕಡಿವಾಣ ಸಡಿಲಿಸಿದಾಗ ಥೈರಾಯ್ಡು, ಕರುಳು, ಶ್ವಾಸಕೋಶಕ್ಕೂ ಒಮ್ಮೊಮ್ಮೆ ಪೆಟ್ಟು ಬೀಳುವುದುಂಟು. ಅದಕ್ಕೇ ಯಾರಿಗೆ ಕೊಡಬೇಕು ಎಂಬ ಪ್ರಶ್ನೆ ಔಷಧಿಯಷ್ಟೇ ದೊಡ್ಡದು.

ಮೊದಮೊದಲು ಉತ್ತರ ಸುಲಭ ಎನಿಸಿತ್ತು. ಕಡಿವಾಣ ಹಿಡಿಯುವ ಕೈ, ಅಂದರೆ ಪಿಡಿ-ಎಲ್1 ಎಂಬ ಪ್ರೋಟೀನು, ಗಡ್ಡೆಯಲ್ಲಿ ಹೆಚ್ಚಿದ್ದವರಿಗೆ ಔಷಧಿ ಹೆಚ್ಚು ಹಿಡಿಯಬೇಕಲ್ಲವೇ? 2016ರ ಮೇ ತಿಂಗಳಲ್ಲಿ ಅಟೆಜೊಲಿಜುಮಾಬ್‌ಗೆ ಮೂತ್ರಕೋಶದ ಕ್ಯಾನ್ಸರಿಗೆಂದು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ, ಪಿಡಿ-ಎಲ್1 ಹೆಚ್ಚಿದ್ದವರನ್ನೇ ಆರಿಸಿ ನೋಡಿದರೂ ಅದು ಕಿಮೊಗಿಂತ ಮೇಲೆಂದು ಸಾಬೀತಾಗಲಿಲ್ಲ. ಆ ಒಪ್ಪಿಗೆಯನ್ನು ಕಂಪನಿ ಕೊನೆಗೆ ಹಿಂದಕ್ಕೆ ತೆಗೆದುಕೊಂಡಿತು. ಒಂದು ಅಕ್ಷರ ನೋಡಿ ಇಡೀ ಶಾಸನದ ಅರ್ಥ ಹೇಳಲಾಗದು ಎಂದು ಕಲಿತದ್ದು ಹೀಗೆ.

2018ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಹೆಚ್ಚು ತಾಳ್ಮೆಯಿಂದ ಓದಿತು. ಆ ಔಷಧಿ ಪಡೆದ ಸುಮಾರು 300 ರೋಗಿಗಳ ಗಡ್ಡೆಯಲ್ಲಿ ಡಿಎನ್‌ಎ, ಆರ್‌ಎನ್‌ಎ ಎರಡನ್ನೂ ಓದಿ, ಜೊತೆಗೆ ಟಿ-ಕೋಶಗಳು ಎಲ್ಲಿ ನಿಂತಿವೆ ಎಂದೂ ನೋಡಿದರು. ತಪ್ಪುಗಳು ಹೆಚ್ಚಿರುವ ಗಡ್ಡೆಗಳಿಗೆ ಔಷಧಿ ಹೆಚ್ಚಾಗಿ ಹಿಡಿದಿತ್ತು, ಅದು ನಿರೀಕ್ಷಿಸಿದ್ದೇ. ಆದರೆ ಎಷ್ಟೋ ಗಡ್ಡೆಗಳಲ್ಲಿ ಟಿ-ಕೋಶಗಳು ಬಂದಿದ್ದರೂ ಒಳಗೆ ಹೋಗಿರಲಿಲ್ಲ. ಹೊಲದ ಸುತ್ತ ಸೀಮೆಜಾಲಿಯ ಮುಳ್ಳು ಒತ್ತಿದ ಹಾಗೆ, ಗಡ್ಡೆಯ ಸುತ್ತ ನಾರಿನ ಬೇಲಿ. ಕಾವಲುಗಾರರು ಬೇಲಿಯಾಚೆ ನಿಂತಿದ್ದರು. ಆ ಬೇಲಿಗೆ ನೀರೆರೆಯುವುದು ಟಿಜಿಎಫ್-ಬೀಟಾ ಎಂಬ ಸಂಕೇತ. ಅಂಥಲ್ಲಿ ಕಡಿವಾಣ ಬಿಚ್ಚಿದರೂ ಕುದುರೆ ಓಡಲಾರದು.

ಇನ್ನೊಂದು ಬಗೆಯ ಗಡ್ಡೆ ಅಪರೂಪ, ಆದರೆ ಸಿಕ್ಕರೆ ಬಿಡಬಾರದು. ಜೀವಕೋಶ ಇಬ್ಭಾಗವಾಗುವಾಗ ಬರಹದ ಕರಡು ತಿದ್ದುವ ನಾಲ್ಕು ಜೀನ್‌ಗಳಿವೆ. ಅವುಗಳಲ್ಲಿ ಒಂದು ಕೆಟ್ಟರೆ ತಪ್ಪುಗಳು ಸಾವಿರ ಸಾವಿರ ಸೇರುತ್ತವೆ. ಇಂಥ ಗಡ್ಡೆ ಯಾವ ಅಂಗದಲ್ಲಿದ್ದರೂ ಸರಿ, ಪೆಂಬ್ರೊಲಿಜುಮಾಬ್ ಕೊಡಬಹುದು ಎಂದು 2017ರಲ್ಲಿ ಅಮೆರಿಕ ಒಪ್ಪಿತು. ಅಂಗದ ಹೆಸರು ಬಿಟ್ಟು ಜೀನಿನ ಗುರುತು ನೋಡಿ ಕ್ಯಾನ್ಸರಿನ ಔಷಧಿಗೆ ಒಪ್ಪಿಗೆ ಕೊಟ್ಟದ್ದು ಅದೇ ಮೊದಲು. ಈ ದೋಷ ಕೆಲವರಲ್ಲಿ ವಂಶದಿಂದ ಬಂದಿರುತ್ತದೆ. ಆಗ ಒಬ್ಬ ತಾತನ ರಿಪೋರ್ಟು ಅವರ ಮಕ್ಕಳಿಗೂ, ತಂಗಿಯ ಮಕ್ಕಳಿಗೂ ಕರುಳಿನ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಎಚ್ಚರಿಸುತ್ತದೆ.

ಈ ಕಸುಬಿನಲ್ಲಿ ನನ್ನನ್ನು ಅತ್ಯಂತ ಬೆರಗುಗೊಳಿಸಿದ್ದು ಸೋತ ಪ್ರಯೋಗವೊಂದನ್ನು ಮರಳಿ ಓದಿದ ಬಗೆ. ಮೂತ್ರಕೋಶವನ್ನೇ ತೆಗೆದ ಮೇಲೆ ರೋಗ ಮರಳದಿರಲಿ ಎಂದು 800ಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಅಟೆಜೊಲಿಜುಮಾಬ್ ಕೊಟ್ಟು ನೋಡಿದ್ದರು. ಗುಂಪುಗಳ ನಡುವೆ ಹೇಳುವಂಥ ವ್ಯತ್ಯಾಸ ಬರಲಿಲ್ಲ. ಅಲ್ಲಿಗೆ ಕಡತ ಮುಚ್ಚಬಹುದಿತ್ತು. ಲಂಡನ್ನಿನ ವೈದ್ಯ ಥಾಮಸ್ ಪೌಲ್ಸ್ ಮತ್ತು ಜೊತೆಗಾರರು ತೆಗೆದಿಟ್ಟ ರಕ್ತವನ್ನು ಓದಿದರು. ಗಡ್ಡೆಯ ಕೋಶಗಳು ಸಾಯುವಾಗ ಅವುಗಳ ಡಿಎನ್‌ಎ ತುಣುಕು ರಕ್ತಕ್ಕೆ ಬೀಳುತ್ತದೆ, ಬಿದ್ದದ್ದು ಕೆಲವೇ ಗಂಟೆಯಲ್ಲಿ ಕರಗಿಹೋಗುತ್ತದೆ. ಆದ್ದರಿಂದ ಆಪರೇಷನ್ ಆಗಿ ವಾರಗಳ ಮೇಲೂ ರಕ್ತದಲ್ಲಿ ಅದು ಸಿಕ್ಕರೆ, ಎಲ್ಲೋ ಒಂದು ಕಡೆ ಗಡ್ಡೆ ಇನ್ನೂ ಬದುಕಿದೆ ಎಂದರ್ಥ. 2021ರಲ್ಲಿ ಅವರು ತೋರಿಸಿದ್ದು ಇಷ್ಟು: ಹೀಗೆ ಗುರುತು ಸಿಕ್ಕವರಲ್ಲಿ ಔಷಧಿ ಕೆಲಸ ಮಾಡಿದಂತಿತ್ತು, ಸಿಗದವರಲ್ಲಿ ಅದರಿಂದ ಪ್ರಯೋಜನ ಕಾಣಲಿಲ್ಲ.

ಆದರೆ ರಕ್ತದ ತುಂಬ ನಮ್ಮದೇ ಡಿಎನ್‌ಎ ತೇಲುತ್ತಿರುವಾಗ ಗಡ್ಡೆಯದನ್ನು ಹೆಕ್ಕುವುದು ಹೇಗೆ? ಉತ್ತರ ಮೇಣದ ಬ್ಲಾಕ್‌ನಲ್ಲಿದೆ. ಮೊದಲು ಅದನ್ನು ಓದಿ, ಆ ರೋಗಿಯ ಗಡ್ಡೆಗೆ ಮಾತ್ರ ಸೇರಿದ 16 ತಪ್ಪುಗಳನ್ನು ಆರಿಸುತ್ತಾರೆ. ಬೇರೆ ಯಾರಿಗೂ ಈ ಪಟ್ಟಿ ಹೊಂದುವುದಿಲ್ಲ. ಆರಿಸುವುದರಲ್ಲೇ ಜಾಣ್ಮೆ. ಗಡ್ಡೆಗೂ ವಂಶಾವಳಿ ಇದೆ: ಮೂಲಪುರುಷನಲ್ಲಿ ಆದ ತಪ್ಪು ಎಲ್ಲ ಕವಲುಗಳಲ್ಲೂ ಇರುತ್ತದೆ, ಆಮೇಲೆ ಆದದ್ದು ಒಂದೆರಡು ಕವಲಿನಲ್ಲಿ ಮಾತ್ರ. ಯಾವ ಕವಲು ಉಳಿದುಕೊಂಡು ಮರಳುತ್ತದೋ ಯಾರು ಬಲ್ಲರು? ಆದ್ದರಿಂದ ಮೂಲಪುರುಷನ ಗುರುತನ್ನೇ ಹಿಡಿಯಬೇಕು. ಹೇಮಾವತಿಯ ಕಂಬದಲ್ಲಿ ನೊಳಂಬರ ಯಾವ ಅರಸನ ಹೆಸರು ಬಂದರೂ ಮೇಲಕ್ಕೆ ಹೋದರೆ ತ್ರಿನಯನ ಪಲ್ಲವನೇ ಸಿಗುವ ಹಾಗೆ.

ಮುಂದಿನ ಪ್ರಯೋಗವನ್ನು ಈ ಓದಿನ ಮೇಲೆಯೇ ಕಟ್ಟಿದರು. ಆಪರೇಷನ್ ಆದವರ ರಕ್ತವನ್ನು ಒಂದು ವರ್ಷದವರೆಗೆ ಆರು ವಾರಕ್ಕೊಮ್ಮೆ ನೋಡುವುದು; ಸ್ಕ್ಯಾನಿನಲ್ಲಿ ಏನೂ ಕಾಣದೆ ರಕ್ತದಲ್ಲಿ ಮಾತ್ರ ಗುರುತು ಸಿಕ್ಕ 250 ಜನರಿಗೆ ಔಷಧಿ ಅಥವಾ ಬರೀ ದ್ರವ ಕೊಡುವುದು. ಫಲಿತಾಂಶ 2025ರ ಅಕ್ಟೋಬರಿನಲ್ಲಿ ಬಂತು. ಔಷಧಿ ಪಡೆದವರ ಆಯುಸ್ಸಿನ ಮಧ್ಯಾಂಕ 32.8 ತಿಂಗಳು, ಪಡೆಯದವರದು 21.1. ನನಗೆ ಅಷ್ಟೇ ಮುಖ್ಯವೆನಿಸಿದ್ದು ಇನ್ನೊಂದು ಗುಂಪು. ವರ್ಷವಿಡೀ ಗುರುತು ಸಿಗದವರಿಗೆ ಯಾವ ಔಷಧಿಯನ್ನೂ ಕೊಡಲಿಲ್ಲ, ಎರಡು ವರ್ಷದ ಮೇಲೂ ಅವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ರೋಗ ಮರಳಿರಲಿಲ್ಲ. ಯಾರಿಗೆ ಕೊಡಬಾರದು ಎಂದು ಧೈರ್ಯವಾಗಿ ಹೇಳಬಲ್ಲ ಓದು ಇದು. ಶೇಂಗಾ ಬೆಳೆದು ಬದುಕುವ ಮನೆಗೆ ಬೇಡದ ಔಷಧಿಯ ಬಿಲ್ಲು ತಪ್ಪಿದರೆ ಅದೇನು ಸಣ್ಣ ಮಾತಲ್ಲ.

ಹಣದ ಮಾತು ಬಂತು. ಈ ಔಷಧಿಗಳೂ ಪರೀಕ್ಷೆಗಳೂ ದುಬಾರಿ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು ಬಾಯಿ ಗಂಟಲಿನ ಮುಂದುವರಿದ ಕ್ಯಾನ್ಸರಿಗೆ ಬರೀ 20 ಮಿಲಿಗ್ರಾಂ ನಿವೊಲುಮಾಬ್, ಅಂದರೆ ರೂಢಿಯ 240ರ ಹನ್ನೆರಡನೆಯ ಒಂದು ಪಾಲು, ಇತರ ಔಷಧಿಗಳ ಜೊತೆ ಸೇರಿಸಿ ಕೊಟ್ಟರು. ಒಂದು ವರ್ಷ ಬದುಕಿದವರ ಪ್ರಮಾಣ ಶೇಕಡ 16.3ರಿಂದ 43.4ಕ್ಕೆ ಏರಿತು. ಅದನ್ನು ಮೂತ್ರಕೋಶಕ್ಕೆ ಹಾಗೆಯೇ ಎತ್ತಿ ಹಾಕುವಂತಿಲ್ಲ, ಪ್ರತಿ ಅಂಗಕ್ಕೂ ಬೇರೆಯದೇ ಪ್ರಯೋಗ ಬೇಕು. ಆದರೂ ಬಡವರ ಪ್ರಶ್ನೆಯನ್ನು ವಿಜ್ಞಾನದ ಪ್ರಶ್ನೆಯಾಗಿ ಕೇಳಿದ ಆ ವೈದ್ಯರನ್ನು ನೆನೆಯದೆ ಇರಲಾರೆ.

ರಾಯದುರ್ಗ 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಹೋಯಿತು. ಮಡಕಶಿರಾ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಗೆರೆ ಎಲ್ಲಿ ಬಿದ್ದರೂ ದೊಡ್ಡ ಕಾಯಿಲೆ ಬಂದರೆ ಆ ಕಡೆಯ ಎಷ್ಟೋ ಜನ ಬಳ್ಳಾರಿ, ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಬಯಾಪ್ಸಿ ಒಂದು ರಾಜ್ಯದಲ್ಲಿ, ಚಿಕಿತ್ಸೆ ಇನ್ನೊಂದು ರಾಜ್ಯದಲ್ಲಿ. ಹೊರಡುವ ಮುನ್ನ ಮೊದಲ ಆಸ್ಪತ್ರೆಯಲ್ಲಿ ‘ನಮ್ಮ ತಾತನ ಬ್ಲಾಕ್ ಮತ್ತು ಸ್ಲೈಡು ಕೊಡಿ’ ಎಂದು ಕೇಳಿ, ಸಹಿ ಹಾಕಿ ಪಡೆದುಕೊಳ್ಳಿ. ಅದಿಲ್ಲದಿದ್ದರೆ ಜೀನ್ ಪರೀಕ್ಷೆಗಾಗಿ ಇನ್ನೊಮ್ಮೆ ದುರ್ಬೀನು ಇಳಿಸಿ ಚೂರು ತೆಗೆಯಬೇಕಾದೀತು. ಬ್ಲಾಕಿಗೆ ಐಸು ಬೇಡ, ಡಬ್ಬಿ ಬೇಡ, ವರ್ಷಗಳ ಕಾಲ ಕೆಡದೆ ಉಳಿಯುತ್ತದೆ. ಆ ಮೇಣ ಕರಗುವುದು 56 ಡಿಗ್ರಿಯ ಆಸುಪಾಸು, ಬಿಸಿಲಿಗೆ ನಿಂತ ಬಸ್ಸಿನ ಗಾಜಿನ ಬದಿ ಆ ಕಾವಿಗೆ ಹತ್ತಿರ ಹೋಗುತ್ತದೆ. ಕಾಗದದಲ್ಲಿ ಸುತ್ತಿ, ಚೀಲದ ತಳಕ್ಕಿಟ್ಟು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಂದರೆ ಸಾಕು.